ಸೋಡಿಯಂ ಇಳಿದರೆ ಉಪ್ಪು ಹಾಕಬೇಡಿ

ಕೇಳುಗರಿಗೆ ನಮಸ್ಕಾರ.

ಹಾರ್ಟ್ ಫೇಲ್ಯೂರ್, ಅಂದರೆ ಹೃದಯದ ಶಕ್ತಿ ಕುಂದಿ, ಆಸ್ಪತ್ರೆ ಸೇರಿದವರ ರಕ್ತದ ರಿಪೋರ್ಟು ಬರುತ್ತದೆ. ಉಪ್ಪಿನಲ್ಲಿರುವ ಸೋಡಿಯಂ 128. ಪಕ್ಕದಲ್ಲೇ, 135ರಿಂದ 145 ಇರಬೇಕು ಅಂತ ಅಚ್ಚಾಗಿರುತ್ತದೆ. ಮನೆಯವರಿಗೆ ಗಾಬರಿ. ಉಪ್ಪು ಬಿಡಿಸಿದ್ದಕ್ಕೇ ಹೀಗಾಯಿತು, ಗಂಜಿಗೆ ಎರಡು ಚಿಟಿಕೆ ಜಾಸ್ತಿ ಹಾಕೋಣ ಅಂದುಕೊಳ್ಳುತ್ತಾರೆ. ಒಆರ್‌ಎಸ್ ಕಲಸಿ ಕುಡಿಸುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಇಂಥವರ ಮೈಯಲ್ಲಿ ಹೆಚ್ಚಿನ ಸಲ ಉಪ್ಪಿಗೆ ಕೊರತೆ ಇರುವುದಿಲ್ಲ, ನೀರು ಜಾಸ್ತಿಯಾಗಿರುತ್ತದೆ. ಸಾರಿಗೆ ನೀರು ಬೆರೆಸಿದರೆ ಹಾಕಿದ ಉಪ್ಪು ಅಷ್ಟೇ ಇದ್ದರೂ ಸಪ್ಪೆಯಾಗುತ್ತದೆ ಅಲ್ವಾ, ಹಾಗೆ. ಸೋತ ಹೃದಯ ರಕ್ತವನ್ನು ಸರಿಯಾಗಿ ತಳ್ಳುವುದಿಲ್ಲ. ಮೈಯಲ್ಲಿ ರಕ್ತವೇ ಕಡಿಮೆಯಾಗಿದೆ ಎಂದು ದೇಹ ತಿಳಿಯುತ್ತದೆ. ಮೆದುಳಿನಿಂದ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನು ಹೊರಟು, ನೀರು ಹೊರಗೆ ಹೋಗದಂತೆ ಕಿಡ್ನಿಯನ್ನು ತಡೆಯುತ್ತದೆ. ಬಾಯಾರಿಕೆಯೂ ಹೆಚ್ಚುತ್ತದೆ. ಕಾಲು ಊದುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ. ಅದೇ ಹೊತ್ತಿಗೆ ರಕ್ತದಲ್ಲಿ ಸೋಡಿಯಂ ತೆಳುವಾಗುತ್ತದೆ. ಇದಕ್ಕೇ ಡಾಕ್ಟರು ಕುಡಿಯುವ ನೀರಿಗೂ ಲೆಕ್ಕ ಇಡಿ ಅನ್ನುವುದು.

ಈ ಅಂಕಿಯನ್ನು ಹಗುರವಾಗಿಯೂ ನೋಡಬಾರದು. ಹಾರ್ಟ್ ಫೇಲ್ಯೂರ್ ಆಗಿ ಅಮೆರಿಕದ ಆಸ್ಪತ್ರೆಗಳಿಗೆ ಸೇರಿದ ಸುಮಾರು 48 ಸಾವಿರ ರೋಗಿಗಳ ದಾಖಲೆ 2007ರಲ್ಲಿ ಪ್ರಕಟವಾಯಿತು. ಐವರಲ್ಲಿ ಒಬ್ಬರಿಗೆ, ಆಸ್ಪತ್ರೆಗೆ ಬಂದಾಗಲೇ ಸೋಡಿಯಂ ಕಡಿಮೆಯಿತ್ತು. ಅವರಲ್ಲಿ ನೂರಕ್ಕೆ 6 ಜನ ಆಸ್ಪತ್ರೆಯಲ್ಲೇ ತೀರಿಕೊಂಡರು. ಉಳಿದವರಲ್ಲಿ ನೂರಕ್ಕೆ 3ರ ಆಸುಪಾಸು.

ಹಾಗಾದರೆ ಸೋಡಿಯಂ ಏರಿಸಿಬಿಟ್ಟರೆ ಜೀವ ಉಳಿಯುತ್ತದಾ? ಅದೇ ವರ್ಷ, ವ್ಯಾಸೊಪ್ರೆಸಿನ್ ಕೆಲಸ ತಡೆದು ನೀರು ಹೊರಹಾಕಿಸುವ ಟೋಲ್ವಾಪ್ಟಾನ್ ಎಂಬ ಔಷಧಿಯ ದೊಡ್ಡ ಪರೀಕ್ಷೆಯ ಫಲಿತಾಂಶ ಬಂತು. ಸೋಡಿಯಂ ಏರಿತು, ನೀರಿನ ತೂಕ ಇಳಿಯಿತು, ಸಾವು ಮಾತ್ರ ತಗ್ಗಲಿಲ್ಲ. ಹೃದಯ ಎಷ್ಟು ದಣಿದಿದೆ ಎನ್ನುವುದನ್ನು ಆ ಅಂಕಿ ತೋರಿಸುತ್ತದೆ. ಚಿಕಿತ್ಸೆ ಬೇಕಾಗಿರುವುದು ಹೃದಯಕ್ಕೆ.

ಅದೇ ರಿಪೋರ್ಟಿನಲ್ಲಿ ಬರುವ ಇನ್ನೊಂದು ಲವಣ ಪೊಟ್ಯಾಸಿಯಂ, ಅದರ ವಿಷಯ ಬೇರೆ. ಅದು 3.5ರಿಂದ 5ರ ಒಳಗಿರಬೇಕು. ತೀರಾ ಇಳಿದರೂ ಏರಿದರೂ ಹೃದಯದ ಬಡಿತ ತಾಳ ತಪ್ಪುತ್ತದೆ. ಮೂತ್ರ ಹೆಚ್ಚಿಸುವ ಫ್ಯೂರೋಸೆಮೈಡ್ ಅದನ್ನು ಇಳಿಸುತ್ತದೆ, ಸ್ಪಿರೊನೊಲ್ಯಾಕ್ಟೋನ್ ಏರಿಸುತ್ತದೆ. ಸ್ಪಿರೊನೊಲ್ಯಾಕ್ಟೋನ್ ಒಳ್ಳೆಯ ಮಾತ್ರೆಯೇ. ತೀವ್ರ ಹಾರ್ಟ್ ಫೇಲ್ಯೂರ್ ಇದ್ದವರಲ್ಲಿ ಅದು ಸಾವನ್ನು ನೂರಕ್ಕೆ 30ರಷ್ಟು ತಗ್ಗಿಸಿತೆಂದು 1999ರಲ್ಲಿ ಗೊತ್ತಾಯಿತು. ಆಮೇಲೆ ಕೆನಡಾದ ಒಂಟಾರಿಯೋದಲ್ಲಿ ಅದನ್ನು ಬರೆದುಕೊಡುವುದು ಒಮ್ಮೆಲೇ ಹೆಚ್ಚಿತು. ಹಾರ್ಟ್ ಫೇಲ್ಯೂರ್ ಇದ್ದ ಹಿರಿಯರಲ್ಲಿ ಪೊಟ್ಯಾಸಿಯಂ ಏರಿ ಆಸ್ಪತ್ರೆಗೆ ಬಂದವರು 1994ರಲ್ಲಿ ಸಾವಿರಕ್ಕೆ 2.4 ಇದ್ದದ್ದು, 2001ಕ್ಕೆ ಸಾವಿರಕ್ಕೆ 11 ಆಯಿತು. ಮಾತ್ರೆಯ ಜೊತೆಗೇ ರಕ್ತಪರೀಕ್ಷೆಯೂ ನಡೆಯಬೇಕು ಅನ್ನುವುದು ಇದಕ್ಕೆ.

ಅಂಗಡಿಯಲ್ಲಿ ಸಿಗುವ ಕಡಿಮೆ ಸೋಡಿಯಂ ಉಪ್ಪಿನಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಹೃದಯಕ್ಕೆ ಒಳ್ಳೆಯದು ಅಂತ ಸುಮ್ನೆ ತರಬೇಡಿ, ಪೊಟ್ಟಣದ ಹಿಂದೆ ಓದಿ. ಎಳನೀರಿನಲ್ಲೂ ಪೊಟ್ಯಾಸಿಯಂ ಧಾರಾಳ. ಆಸ್ಪತ್ರೆಯಲ್ಲಿರುವವರನ್ನು ನೋಡಲು ಹೋಗುವಾಗ ಅದನ್ನೇ ಒಯ್ಯುವ ರೂಢಿ ನಮ್ಮದು. ಈ ರೋಗಿಗಳಿಗೆ ಕೊಡುವ ಮುಂಚೆ ವಾರ್ಡಿನ ನರ್ಸನ್ನು ಕೇಳಿ.

ಸ್ಪಿರೊನೊಲ್ಯಾಕ್ಟೋನ್ ಶುರುವಾಗಿದ್ದರೆ ಒಂದು ವಾರಕ್ಕೆ, ಮತ್ತೆ ನಾಲ್ಕನೇ ವಾರಕ್ಕೆ ಪೊಟ್ಯಾಸಿಯಂ ಮತ್ತು ಕಿಡ್ನಿಯ ಕೆಲಸ ತಿಳಿಸುವ ಕ್ರಿಯಾಟಿನಿನ್ ನೋಡಿಸುವುದು ವಾಡಿಕೆ. ಡಿಸ್ಚಾರ್ಜ್ ಚೀಟಿಯಲ್ಲಿ ಆ ತಾರೀಕು ಬರೆದಿಲ್ಲದಿದ್ದರೆ, ಅಲ್ಲೇ ನಿಂತು ಬರೆಸಿಕೊಳ್ಳಿ. ಮನೆಯಲ್ಲಿ ವಾಂತಿ ಭೇದಿ ಶುರುವಾದರೆ, ಮಾತು ತೊದಲಿದರೆ, ಕೈಕಾಲಿನ ಶಕ್ತಿ ಉಡುಗಿದರೆ ಆ ತಾರೀಕಿಗೆ ಕಾಯಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ.