ಎಣ್ಣಿ, ನೀರು, ನಡುವಿನ ಅಂಚು

ಎಲ್ಲರಿಗೂ ನಮಸ್ಕಾರ್ರಿ. ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆ ರೈಸ್ ಮಿಲ್ಲಿನಾಗ ಕೆಲಸ ಮಾಡೋರು, ಮನ್ಯಾಗ ಎಮ್ಮಿ ಕಟ್ಟಿರೋ ಅವ್ವಂದಿರು, ಪಿಯುಸಿ ಸೈನ್ಸ್ ಓದೋ ಹುಡುಗ್ರು, ನಿಮಗೆಲ್ಲ ಇವತ್ತ ಲೈಪೇಸ್ ಅನ್ನೋ ಕಿಣ್ವದ (ಎಂಜೈಮ್, ಅಂದ್ರ ರಾಸಾಯನಿಕ ಕೆಲಸ ಲಗೂ ಮಾಡಿಸೋ ಪ್ರೋಟೀನಿನ) ಬಗ್ಗೆ ಹೇಳತೀನಿ. ಹೆಸರು ಹೊಸದಿರಬಹುದು, ಆದರ ಅದು ಮಾಡೋ ವಾಸನಿ ನಿಮಗ ಗೊತ್ತೈತಿ.

ನಾನು ಸಣ್ಣಾಂವ ಇದ್ದಾಗ ಅಪ್ಪ ಮಿಲ್ಲಿನಿಂದ ಒಂದು ಚೀಲ ಹಸಿ ತೌಡು ತಂದ. ಮೊದಲನೇ ದಿನ ಎಮ್ಮಿ ಬಾನಿ ನೆಕ್ಕಿ ನೆಕ್ಕಿ ತಿಂತು. ಆಮ್ಯಾಲ ಮಳಿ ಹಿಡೀತು, ಚೀಲ ಮೂಲ್ಯಾಗ ಉಳೀತು, ವಾರ ಬಿಟ್ಟು ಅವ್ವ ಬಿಚ್ಚಿ ಒಳಗ ಕೈ ಹಾಕಿದ್ರ ತೌಡು ಬೆಚ್ಚಗೈತಿ, ಗಡ್ಡಿ ಕಟ್ಟೈತಿ, ಮೂಗಿಗೆ ಹಿಡದ್ರ ಕಮಟು. ಒಂದು ಚಿಟಿಕಿ ನಾಲಿಗಿ ಮ್ಯಾಲ ಇಟ್ಕೊಂಡಾಕಿ ಥೂ ಅಂತ ಉಗುಳಿದ್ಲು. ಎಮ್ಮಿ ಮೂತಿ ಇಟ್ಟಿದ್ದ ಹಿಂದಕ್ಕ ಸರೀತು. ಹಳೇ ಮಾಲು ಕೊಟ್ರು ಅಂತ ಅಪ್ಪ ಜಗಳಕ್ಕ ಹೊಂಟಿದ್ದ. ಮಿಲ್ಲಿನವರ ತಪ್ಪು ಏನೂ ಇರ್ಲಿಲ್ರಿ! ಅಕ್ಕಿ ಪಾಲಿಶ್ ಮಾಡೋತನಕ ಕಾಳಿನಾಗ ಎಣ್ಣಿ ಬ್ಯಾರೆ ಕಡೆ, ಲೈಪೇಸ್ ಬ್ಯಾರೆ ಕಡೆ ಇರತಾವ, ತೌಡಾದ ಕೂಡಲೇ ಎರಡೂ ಕೂಡತಾವ, ಲೈಪೇಸ್ ಎಣ್ಣಿ ಕತ್ತರಿಸಿ ಕೊಬ್ಬಿನ ಆಮ್ಲ ಬಿಡಿಸತೈತಿ.

ಇಷ್ಟ ಕೇಳಿ ಲೈಪೇಸ್ ಅಂದ್ರ ಬರೇ ಕತ್ತರಿ ಅಂದ್ಕೋಬ್ಯಾಡ್ರಿ. ಅದು ಸೂಜಿನೂ ಹೌದು. ಕೊಬ್ಬಿನ ಆಮ್ಲಕ್ಕ ಆಲ್ಕೋಹಾಲ್ ಹೊಲಿದು ಎಸ್ಟರ್ ಮಾಡತೈತಿ, ಮುಖಕ್ಕ ಹಚ್ಚೋ ಕ್ರೀಮಿನಾಗ ಹಾಕತಾರಲ್ಲ, ಅಂಥ ಮೇಣದಂಥ ಎಸ್ಟರ್. ಹೊಲಿಯೋವಾಗ ನೀರು ಹುಟ್ಟತೈತಿ, ಅದಕ್ಕ ಎಸ್ಟರ್ ಮಾಡಬೇಕಂದ್ರ ನೀರು ತಗೀಬೇಕು ಅಂತ ಹುಡುಗ್ರು ಬಾಯಿಪಾಠ ಮಾಡಿರತಾರ. ಲೈಪೇಸ್ ನೀರಿನಾಗೂ ಎಸ್ಟರ್ ಮಾಡತೈತಿ ಅಂತ ನಾನು ಹೇಳಿದ್ರ, ನೀರಿನಾಗ ಹೆಂಗ ಆಗತೈತಿ ಸರ್ ಅಂತಾರ. ಪ್ರತಿ ವರ್ಷ ಇದ ಪ್ರಶ್ನೆ, ಪ್ರತಿ ವರ್ಷ ನಂದು ಒಂದ ಉತ್ತರ, ಅಂಚು ನೋಡ್ರಪಾ!

ಎಣ್ಣಿಯಂಥ ಆಮ್ಲ, ನೀರಿಗೆ ಕೂಡದ ಉದ್ದ ಇಂಗಾಲ ಸರಪಳಿಯ ಆಲ್ಕೋಹಾಲ್, ನೀರು ಹಾಕಿ ಜೋರ್ ಅಲ್ಲಾಡಿಸಿದ್ರ ಮಜ್ಜಿಗಿ ಹಂಗ ಬೆಳ್ಳಗಾಗತೈತಿ, ಒಳಗ ಕಣ್ಣಿಗೆ ಕಾಣದ ಎಣ್ಣಿ ಹನಿ. ಲೈಪೇಸ್ ಹೋಗಿ ಹನಿಯ ಅಂಚಿನ ಮ್ಯಾಲ ಕುಂದರತೈತಿ. ಬಾಳಷ್ಟು ಲೈಪೇಸಿಗೆ ಸಣ್ಣ ಮುಚ್ಚಳ ಇರತೈತಿ, ಅಂಚು ಸಿಕ್ಕಾಗ ತೆರಕೊಳ್ಳತೈತಿ. ಹುಟ್ಟಿದ ಎಸ್ಟರ್ ಹನಿಯೊಳಗ ಉಳೀತೈತಿ, ಹುಟ್ಟಿದ ನೀರಿಗೆ ಎಣ್ಣ್ಯಾಗ ಜಾಗ ಇಲ್ಲ, ಹೊರಗ ಹೋಗತೈತಿ. ಸುತ್ತ ಕೊಡಗಟ್ಟಲೆ ನೀರಿದ್ರೂ ಹನಿಯೊಳಗ ಒಣಾನ ಅಲ್ರಿ, ಅದಕ್ಕ ಮತ್ತ ಹೇಳತೀನಿ, ಅಂಚು!

ಹಿಂಗ ಎಸ್ಟರ್ ಮಾಡಾಕ ಸಲ್ಫ್ಯೂರಿಕ್ ಆಸಿಡ್ ಬ್ಯಾಡ, ಕುದಿಸೋದು ಬ್ಯಾಡ, 30-40 ಡಿಗ್ರಿ ಸಾಕು, ನಮ್ಮ ರಾಯಚೂರಿನ ಬ್ಯಾಸಿಗಿ ಬಿಸಿ. ಕಿಣ್ವ ಕ್ಯಾಂಡಿಡಾ ರುಗೋಸಾ ಅನ್ನೋ ಯೀಸ್ಟಿನಿಂದ ಬರತೈತಿ, ರೊಟ್ಟಿ ಮ್ಯಾಲಿನ ಬೂಸ್ಟಿನ ಜಾತಿಯಿಂದನೂ ಬರತೈತಿ. 1988ರಾಗ ಬಟ್ಟಿ ಒಗಿಯೋ ಪೌಡರಿಗೂ ಬಂತು, ಅದನ್ನ ಹೇಳಾಕ ಈಗ ಟೈಮಿಲ್ಲ.

ಮಿಲ್ಲಿನವರಿಗೆ ಒಂದ ಮಾತು, ತೌಡು ಮಶೀನಿನಿಂದ ಬಿದ್ದ ತಾಸಿನೊಳಗ ಜೋರ್ ಬಿಸಿ ಮಾಡ್ರಿ, ಲೈಪೇಸ್ ಕೆಲಸ ನಿಲ್ಲತೈತಿ. ಭತ್ತ ಕುದಿಸಿ ಮಾಡೋ ಅಕ್ಕಿ ತೌಡು ಹೆಚ್ಚು ದಿನ ತಡಕೊಳ್ಳೋದು ಅದಕ್ಕರಿ.