ಅಕ್ಕ ಎಂದ ಮಾತ್ರಕ್ಕೆ ಖರ್ಚು ಕಮ್ಮಿಯೇ?

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಇಲಿನಾಯ್ ರಾಜ್ಯದ ಒಂದು ಪ್ರಕರಣ ಹೇಳುತ್ತೇನೆ. 1969ರಲ್ಲಿ ಅಲ್ಲಿ ಒಂದೇ ಮನೆಯ ನಾಲ್ಕು ಮಕ್ಕಳನ್ನು ತಾಯಿಯಿಂದ ಬಿಡಿಸಿ ಸರ್ಕಾರದ ಸುಪರ್ದಿಗೆ ತೆಗೆದುಕೊಂಡರು. ಮಕ್ಕಳು ಯಾರ್ಯಾರದೋ ಮನೆಯಲ್ಲಿ ಬೆಳೆದರು. 1972ರಲ್ಲಿ ಅವರಲ್ಲಿ ಇಬ್ಬರು ಮದುವೆಯಾಗಿದ್ದ ಅಕ್ಕನ ಮನೆ ಸೇರಿದರು. ಅಧಿಕಾರಿಗಳೇ ಮನೆ ನೋಡಿ, ಎಲ್ಲ ಸರಿಯಿದೆ ಎಂದು ಒಪ್ಪಿದ್ದರು.

ಇಲ್ಲಿಯವರೆಗೆ ಚೆನ್ನಾಗಿದೆ, ಅಲ್ವಾ? ದುಡ್ಡಿನ ಮಾತು ಬಂದಾಗ ತಕರಾರು ಶುರುವಾಯಿತು. ಗುರುತು ಪರಿಚಯ ಇಲ್ಲದವರು ಸಾಕಿದರೆ ಒಂದು ಮಗುವಿಗೆ ತಿಂಗಳಿಗೆ 105 ಡಾಲರ್. ಅಕ್ಕ ಸಾಕಿದರೆ ಸುಮಾರು 63. ಮಗು ಅದೇ, ಅದರ ಹಸಿವೂ ಅದೇ. ಸಾಕುವವಳು ಒಡಹುಟ್ಟಿದವಳು ಅನ್ನುವುದೊಂದೇ ವ್ಯತ್ಯಾಸ. ಹೇಗೂ ಕೈಬಿಡುವುದಿಲ್ಲ ಎಂಬ ಲೆಕ್ಕಾಚಾರ ಇದರ ಹಿಂದೆ ಇತ್ತು ಅಂತ ನನ್ನ ಅನುಮಾನ.

ಗಂಡ ಹೆಂಡತಿ ಕೋರ್ಟಿಗೆ ಹೋದರು. 1979ರಲ್ಲಿ ಸುಪ್ರೀಂ ಕೋರ್ಟು ಅವರ ಪರ ನಿಂತಿತು. ತೀರ್ಪು ಬರೆದವರು ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್. ಸಂಬಂಧಿಕರನ್ನು ಹೊರಗಿಡಿ ಎಂದು ಕಾನೂನಿನಲ್ಲಿ ಎಲ್ಲೂ ಇಲ್ಲ, ಅವರಿಗೂ ಅಷ್ಟೇ ಹಣ ಕೊಡಬೇಕು ಎಂದರು.

ಆದರೂ ಗಂಟು ಪೂರ್ತಿ ಬಿಚ್ಚಲಿಲ್ಲ. ಪೂರ್ತಿ ಹಣಕ್ಕೆ ಮನೆಗೆ ಲೈಸೆನ್ಸ್ ಬೇಕು. ರಾತ್ರೋರಾತ್ರಿ ಮೊಮ್ಮಕ್ಕಳನ್ನು ಒಳಗೆ ಕರೆದುಕೊಂಡ ಅಜ್ಜಿ ಕೋಣೆ, ಹಾಸಿಗೆಯ ನಿಯಮಗಳನ್ನೆಲ್ಲ ಎಲ್ಲಿಂದ ಪೂರೈಸುತ್ತಾಳೆ? ಅಮೆರಿಕದ 2008ರ ಒಂದು ಕಾನೂನು, ಮಗುವನ್ನು ಮನೆಯಿಂದ ತೆಗೆದ 30 ದಿನದೊಳಗೆ ನೆಂಟರಿಗೆ ತಿಳಿಸಬೇಕು ಎಂದಿತು. ಸಂಬಂಧಿಕರ ಮನೆಗೆ ಬೇರೆಯೇ ಸರಳ ನಿಯಮ ಮಾಡಿಕೊಳ್ಳಲು ರಾಜ್ಯಗಳಿಗೆ ಅವಕಾಶ ಸಿಕ್ಕಿದ್ದು 2023ರಲ್ಲಿ. ತೀರ್ಪು ಬಂದು ಆಗಲೇ 44 ವರ್ಷ!

ನಮ್ಮಲ್ಲಿ ಚಿಕ್ಕಪ್ಪ, ಸೋದರತ್ತೆ, ಅಜ್ಜಿ ಮಕ್ಕಳನ್ನು ಸಾಕುವುದು ಹೊಸದೇನಲ್ಲ. ಅದಕ್ಕೆ ಸರ್ಕಾರದ ನೆರವೂ ಉಂಟು ಎನ್ನುವುದೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಮಕ್ಕಳ ರಕ್ಷಣೆಗಾಗಿ ಕೇಂದ್ರ ಸರ್ಕಾರ ನಡೆಸುವ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಪ್ರಾಯೋಜಕತ್ವ, ಅಂದರೆ ಮಗು ಸಾಕಲು ಕೊಡುವ ತಿಂಗಳ ನೆರವು ಇದೆ. ಅದರಲ್ಲಿ ನೆಂಟರ ಮನೆಯಲ್ಲಿರುವ ಅನಾಥ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಬೇರೆಯವರು ಪೋಷಕರಾಗಿ ಸಾಕಿದರೂ ಅಷ್ಟೇ ಮೊತ್ತ. ಈ ವಿಷಯದಲ್ಲಿ ಆಗಿನ ಇಲಿನಾಯ್‌ಗಿಂತ ನಾವು ವಾಸಿ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿ. ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬಹುದು.

ಒಂದು ಕೊಕ್ಕೆ ಮಾತ್ರ ಇದೆ. ಪ್ರಾಯೋಜಕತ್ವ ಬೇಕಾದರೆ ಮನೆಯ ವರ್ಷದ ಆದಾಯ ಹಳ್ಳಿಯಲ್ಲಿ 72,000, ಬೇರೆ ಕಡೆ 96,000 ರೂಪಾಯಿ ದಾಟಬಾರದು. ಅಂದರೆ ಊರಲ್ಲಿ ತಿಂಗಳಿಗೆ 9,000 ದುಡಿಯುವ ಸೋದರಮಾವನಿಗೆ ಇದು ಸಿಗುವುದಿಲ್ಲ. ಈ ಮಿತಿಯನ್ನು ಏರಿಸಲೇಬೇಕು. ನಮಸ್ಕಾರ.