ಪ್ಲಾನ್ ಆಮೇಲೆ, ಮೊದಲು ಲೈನ್ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮನೆಗೆ ಬ್ರಾಡ್‌ಬ್ಯಾಂಡ್ ಹಾಕಿಸಬೇಕು, ಯಾವ ಪ್ಲಾನ್ ಒಳ್ಳೆಯದು ಅಂತ ಬದಿಯಡ್ಕದವರೋ ಪೆರ್ಲದವರೋ ಕೇಳಿದರೆ, ನಾನು ತಿರುಗಿ ಕೇಳುವುದು ಒಂದೇ. ನಿಮ್ಮ ಮನೆಯ ತನಕ ಬರುವುದು ಯಾವ ಲೈನ್? ದರ ಎಷ್ಟು, ಸ್ಪೀಡ್ ಎಷ್ಟು ಅನ್ನುವುದೆಲ್ಲ ಆಮೇಲಿನ ಮಾತು. ನಮ್ಮ ಕಾಸರಗೋಡಿನ ಹಳ್ಳಿಗಳಲ್ಲಿ ಮನೆಗಳು ಒತ್ತೊತ್ತಾಗಿಲ್ಲ. ರಸ್ತೆಯ ಕಂಬದಿಂದ ಅಡಿಕೆ ತೋಟ ದಾಟಿ, ಗುಡ್ಡ ಇಳಿದರೆ ಮನೆ. ಆ ಕೊನೆಯ ತುಂಡು ಲೈನ್ ಚೆನ್ನಾಗಿಲ್ಲದಿದ್ದರೆ ಎಷ್ಟು ದೊಡ್ಡ ಪ್ಲಾನ್ ತೆಗೆದುಕೊಂಡರೂ ಪ್ರಯೋಜನವಿಲ್ಲ.

ಹಳೆಯ ಲ್ಯಾಂಡ್‌ಲೈನಿನದು ತಾಮ್ರದ ತಂತಿ. ಅದರಲ್ಲಿ ಬರುವ ಎಡಿಎಸ್ಎಲ್ ಇಂಟರ್ನೆಟ್, ಟೆಲಿಫೋನ್ ಎಕ್ಸ್‌ಚೇಂಜಿನ ಪಕ್ಕದಲ್ಲೇ ಮನೆ ಇದ್ದರೂ ಹೆಚ್ಚೆಂದರೆ 24 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 24 ಮೆಗಾಬಿಟ್. ಮೂರು ನಾಲ್ಕು ಕಿಲೋಮೀಟರ್ ದೂರ ಹೋದರೆ ಸಿಗ್ನಲ್ ಸೊರಗಿ ಅದರ ಚೂರುಪಾರು ಮಾತ್ರ ಉಳಿಯುತ್ತದೆ. ತುಲಾ ತಿಂಗಳ ಸಂಜೆ ಮಳೆಗೆ ಸಿಡಿಲು ಬಡಿದರಂತೂ ತಾಮ್ರದ ತಂತಿ ಅದನ್ನು ನೇರ ಮೋಡೆಮ್‌ಗೆ ತಂದು ಮುಟ್ಟಿಸುತ್ತದೆ. ಟಿವಿ ಕೇಬಲಿನಲ್ಲೇ ನೆಟ್ ಕೊಡುವ ಕಡೆ ಸ್ಪೀಡ್ ಜಾಸ್ತಿ ಸಿಗಬಹುದು. ಆದರೆ ಒಂದೇ ಕೇಬಲನ್ನು ಸುತ್ತಲಿನ ಮನೆಗಳೆಲ್ಲ ಹಂಚಿಕೊಳ್ಳುವುದರಿಂದ ರಾತ್ರಿ ಎಂಟರಿಂದ ಹತ್ತರ ನಡುವೆ ಕುಂಟುವುದುಂಟು. ದಾರಿಯಲ್ಲಿ ಸಿಗ್ನಲ್ ಹೆಚ್ಚಿಸುವ ಆಂಪ್ಲಿಫೈಯರ್‌ಗೆ ಕರೆಂಟ್ ಹೋದರೆ ಲೈನೂ ಹೋಯಿತು.

ಫೈಬರ್ ಸಿಗುವುದಾದರೆ ಬೇರೆ ಯೋಚನೆ ಬೇಡ, ಫೈಬರನ್ನೇ ಹಾಕಿಸಿ. ಕೂದಲೆಳೆಯಷ್ಟು ಸಪೂರದ ಗಾಜಿನ ಎಳೆಯಲ್ಲಿ ಬೆಳಕು ಓಡುತ್ತದೆ. ಸಾಮಾನ್ಯವಾಗಿ ಇಪ್ಪತ್ತು ಕಿಲೋಮೀಟರ್ ತನಕ ದಾರಿಯಲ್ಲಿ ಎಲ್ಲೂ ಕರೆಂಟ್ ಬೇಕಿಲ್ಲ. ಕಂಬದ ಮೇಲಿನ ಪುಟ್ಟ ಪೆಟ್ಟಿಗೆಯೊಳಗಿನ ಸ್ಪ್ಲಿಟರ್ ಅದೇ ಬೆಳಕನ್ನು 32 ಅಥವಾ 64 ಮನೆಗಳಿಗೆ ಹಂಚುತ್ತದೆ. ಇಲ್ಲೂ ಹಂಚಿಕೆ ಇದೆ, ಆದರೆ ಹಂಚುವುದಕ್ಕೆ ಇರುವುದು 2.5 ಜಿಬಿಪಿಎಸ್, ಅಂದರೆ ಸುಮಾರು 2,500 ಎಂಬಿಪಿಎಸ್. ಹಾಗಾಗಿ ಇಕ್ಕಟ್ಟು ಕಡಿಮೆ. ಬಿಎಸ್‌ಎನ್‌ಎಲ್ ಫೈಬರ್ ಇದೆ. ಊರಿನ ಕೇಬಲ್‌ನವರೂ ಈಗ ಫೈಬರ್ ಎಳೆಯುತ್ತಾರೆ. 2023ರ ಜೂನ್ 5ರಂದು ಉದ್ಘಾಟನೆಯಾದ ಕೇರಳ ಸರಕಾರದ ಕೆ-ಫೋನ್ ಇಂಟರ್ನೆಟ್ ಕೂಡ ಕೆಎಸ್‌ಇಬಿಯ ಕರೆಂಟ್ ಕಂಬಗಳ ಮೇಲೆ ಎಳೆದ ಫೈಬರೇ.

ಗಾಜು ಸಿಡಿಲನ್ನು ಹರಿಸುವುದಿಲ್ಲ, ನಿಜ. ಆದರೆ ಕಂಬದಿಂದ ಮನೆಗೆ ಬರುವ ಎಷ್ಟೋ ಕೇಬಲ್‌ಗಳಲ್ಲಿ ಆಸರೆಗೆಂದು ಉಕ್ಕಿನ ತಂತಿ ಇರುತ್ತದೆ. ಅದನ್ನು ಮನೆಯ ಹೊರಗೇ ಬಿಡಿಸಿ ಕಟ್ಟಲು ಹೇಳಿ. ಅಡಾಪ್ಟರ್ ಮೂಲಕವೂ ಸಿಡಿಲು ನುಗ್ಗುತ್ತದೆ, ಗುಡುಗು ಶುರುವಾಗುವ ಮೊದಲೇ ಪ್ಲಗ್ ತೆಗೆಯಿರಿ. ಗಾಜಿನ ಎಳೆಯನ್ನು ಗೋಡೆಯ ಮೂಲೆಯಲ್ಲಿ ಚೂಪಾಗಿ ಮಡಚಬಾರದು, ಮಡಚಿದಲ್ಲಿ ಬೆಳಕು ಸೋರಿಹೋಗುತ್ತದೆ. ತೆಂಗಿನ ಮಡಲು ಬಿದ್ದು ಕೇಬಲ್ ತುಂಡಾದರೆ ಮೋಡೆಮ್‌ನಲ್ಲಿ ಎಲ್‌ಒಎಸ್ ಅನ್ನುವ ಕೆಂಪು ದೀಪ ಮಿಣುಕುತ್ತದೆ. ಆಗ ಎಷ್ಟು ಸಲ ಆಫ್ ಆನ್ ಮಾಡಿದರೂ ಬರುವುದಿಲ್ಲ. ತಾಮ್ರದ ತಂತಿಯ ಹಾಗೆ ಕೈಯಲ್ಲಿ ತಿರುಚಿ ಜೋಡಿಸಲೂ ಆಗುವುದಿಲ್ಲ. ಗಾಜನ್ನು ಕಾಯಿಸಿ ಬೆಸೆಯುವ ಮೆಷಿನ್ ಬೇಕು. ಆದ್ದರಿಂದ ಲೈನ್ ಹಾಕಿಸುವ ಮೊದಲೇ ಕೇಳಿ: ಆ ಮೆಷಿನ್ ಇರುವ ಹುಡುಗ ಎಲ್ಲಿಂದ ಬರಬೇಕು? ಮುಳ್ಳೇರಿಯದಿಂದಲೋ, ಕಾಸರಗೋಡು ಪೇಟೆಯಿಂದಲೋ? ಪಕ್ಕದ ಮನೆಯಲ್ಲಿ ಅದೇ ಲೈನ್ ಇದ್ದರೆ, ಕಳೆದ ಮಳೆಗಾಲದಲ್ಲಿ ರಿಪೇರಿಗೆ ಎಷ್ಟು ದಿನ ಹಿಡಿಯಿತು ಅಂತ ವಿಚಾರಿಸಿ. ಇದಕ್ಕಿಂತ ಮುಖ್ಯ ಪ್ರಶ್ನೆ ಇನ್ನೊಂದಿಲ್ಲ.

ಏರ್‌ಫೈಬರ್ ಅನ್ನುವುದರಲ್ಲಿ ನಿಮ್ಮ ಮನೆಗೆ ಫೈಬರ್ ಬರುವುದಿಲ್ಲ. ಅದು ಟವರಿನಿಂದ ಮಾಡಿನ ಮೇಲಿನ ಆಂಟೆನಾಕ್ಕೆ ಬರುವ 5ಜಿ ಸಿಗ್ನಲ್. ತಗ್ಗಿನ ಮನೆಯಾದರೆ ಸಿಗ್ನಲ್ ಪರೀಕ್ಷೆ ಮಾಡಿಸದೆ ದುಡ್ಡು ಕೊಡಬೇಡಿ.

ಈಗ ಪ್ಲಾನ್. 100 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 100 ಎಂಬಿ ಇಳಿಯುತ್ತದೆ ಅಂತಲ್ಲ. ಸ್ಪೀಡ್ ಬಿಟ್ ಲೆಕ್ಕ, ಎಂಬಿ ಬೈಟ್ ಲೆಕ್ಕ, ಎಂಟು ಬಿಟ್‌ಗೆ ಒಂದು ಬೈಟ್. ಹಾಗಾಗಿ ಎಂಟರಿಂದ ಭಾಗಿಸಿ. ಹನ್ನೆರಡೂವರೆ ಎಂಬಿ. ಒಂದು ಎಚ್‌ಡಿ ವೀಡಿಯೊಗೆ ಐದು ಎಂಬಿಪಿಎಸ್ ಸಾಕು. ನಾಲ್ಕೈದು ಜನರ ಮನೆಗೆ 40, 50 ಧಾರಾಳ. ಅನ್‌ಲಿಮಿಟೆಡ್ ಅಂತ ಬರೆದಿದ್ದರೆ ಎಷ್ಟು ಜಿಬಿ ಆದ ಮೇಲೆ ಸ್ಪೀಡ್ ಇಳಿಸುತ್ತೀರಿ, ಎಷ್ಟಕ್ಕೆ ಇಳಿಸುತ್ತೀರಿ ಅಂತ ಕೇಳಿ. ಎರಡು ಎಂಬಿಪಿಎಸ್‌ಗೆ ಇಳಿದರೆ ಮಕ್ಕಳ ಆನ್‌ಲೈನ್ ಕ್ಲಾಸ್ ಕಷ್ಟ ಅಲ್ವಾ? ಊರಲ್ಲೇ ಕೂತು ಬೆಂಗಳೂರಿನ ಕಂಪೆನಿಗೆ ದುಡಿಯುವ ಮಗನೋ ಮಗಳೋ ಇದ್ದರೆ ಅಪ್‌ಲೋಡ್ ಸ್ಪೀಡನ್ನೂ ವಿಚಾರಿಸಿ. ಬೋರ್ಡಿನ ದರಕ್ಕೆ ಶೇಕಡಾ 18 ಜಿಎಸ್‌ಟಿ ಸೇರುತ್ತದೋ ಇಲ್ಲವೋ ನೋಡಿ. ಷರತ್ತಿನ ಹಾಳೆ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇದ್ದು ಓದಲು ಬಾರದಿದ್ದರೆ, ಓದಿ ಹೇಳಿ ಅನ್ನಿ. ಸುಮ್ನೆ ಸಹಿ ಹಾಕಬೇಡಿ, ಓದಿಸಿ ಕೇಳುವುದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ರೌಟರನ್ನು ಮನೆಯ ನಡುವೆ, ಸ್ವಲ್ಪ ಎತ್ತರದಲ್ಲಿ ಇಡಿಸಿ. ನಮ್ಮ ಮುರಕಲ್ಲಿನ ದಪ್ಪ ಗೋಡೆ ಎರಡು ದಾಟುವಷ್ಟರಲ್ಲಿ ವೈಫೈ ಸುಸ್ತಾಗುತ್ತದೆ. ಹಳೆಯ ಲ್ಯಾಂಡ್‌ಲೈನಿಗೆ ಎಕ್ಸ್‌ಚೇಂಜಿನಿಂದಲೇ ಕರೆಂಟ್ ಬರುತ್ತಿತ್ತು, ಮನೆ ಕತ್ತಲಾದರೂ ಫೋನ್ ನಡೆಯುತ್ತಿತ್ತು. ಫೈಬರ್ ಫೋನ್ ಹಾಗಲ್ಲ. ಮನೆಯಲ್ಲಿ ವಯಸ್ಸಾದವರು ಮಾತ್ರ ಇದ್ದರೆ, ಮೋಡೆಮ್‌ನ ವೋಲ್ಟೇಜ್ ನೋಡಿ ಅದಕ್ಕೆ ಹೊಂದುವ ಒಂದು ಸಣ್ಣ ಯುಪಿಎಸ್ ಖಂಡಿತ ಇಟ್ಟುಕೊಳ್ಳಿ.

ವರ್ಷದ ದುಡ್ಡು ಒಟ್ಟಿಗೆ ಕಟ್ಟಿದರೆ ಒಂದು ತಿಂಗಳು ಫ್ರೀ ಅನ್ನಬಹುದು. ಅವಸರ ಬೇಡ. ಮೊದಲು ತಿಂಗಳು ತಿಂಗಳು ಕಟ್ಟಿ, ಒಂದು ಮಳೆಗಾಲ ಕಳೆಯಲಿ. ಲೈನ್ ಕೈಕೊಡದೆ ಉಳಿದರೆ ಆಮೇಲೆ ವರ್ಷದ್ದು ಕಟ್ಟಿ.